ರೊಟ್ಟಿ ಬಡಿಯುವಾಗ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ, ಅದನ್ನು ನೀವು ಹೇಗೆ ಕಾಯುತ್ತೀರಿ?

ಕೇಶ್ವಾಪುರದ ಗೃಹಿಣಿ

ಎಲ್ಲರಿಗೂ ವಂದನೆ. ನಮ್ಮದು ಹುಬ್ಬಳ್ಳಿ. ಮನೆಯಲ್ಲಿ ಐದು ಜನ, ದುಡಿಯುವವರು ಒಬ್ಬರು. ತಿಂಗಳ ಕೊನೇ ವಾರ ಬಂತೆಂದರೆ ಒಂದೊಂದೇ ಡಬ್ಬಿ ತೆಗೆದು ನೋಡಿ ಅಡುಗೆ ಮಾಡುತ್ತೇನೆ. ಅದೇನೂ ನನಗೆ ಭಾರ ಅನಿಸುವುದಿಲ್ಲ. ಜೋಳದ ಹಿಟ್ಟು, ಒಂದು ಕಾಳು, ಒಂದು ಕಟ್ಟು ಸೊಪ್ಪು, ಶೇಂಗಾ ಹಿಂಡಿ ಇದ್ದರೆ ನಮ್ಮ ಕಡೆ ಊಟ ಆಗಿಯೇ ಆಗುತ್ತದೆ ಅಲ್ವಾ.

ಭಾರ ಇರುವುದು ಮನಸ್ಸಿಗೆ. ರೊಟ್ಟಿ ಬಡಿಯಲು ನಿಂತರೆ ಕೈಗೆ ಕೆಲಸ, ತಲೆ ಖಾಲಿ. ಆಗ ಶುರುವಾಗುತ್ತದೆ. ನಾದಿನಿ ಮನೆಯ ಹೊಸ ಫ್ರಿಜ್. ಹೋದ ಕ್ರಿಸ್‌ಮಸ್‌ಗೆ ನನ್ನ ಸೀರೆ ನೋಡಿ ಯಾರೋ ಅಂದ ಮಾತು. ಗ್ಯಾಸ್ ಇನ್ನೆಷ್ಟು ದಿನ ಬರುತ್ತದೋ ಎಂಬ ಲೆಕ್ಕ. ಮಗನ ಫೀ. ಬುಟ್ಟಿಯಲ್ಲಿ ರೊಟ್ಟಿ ಏರಿದಂತೆ ಒಳಗೆ ಕಹಿಯೂ ಏರುತ್ತದೆ. ಕೊನೆಗೆ ಬಡಿಸುವಾಗ ಮಕ್ಕಳ ಮೇಲೆ ಸಿಡುಕು. ಬೆಳಿಗ್ಗೆ ಪ್ರಾರ್ಥನೆ ಮಾಡಿಯೇ ಒಲೆ ಹಚ್ಚಿರುತ್ತೇನೆ, ಆದರೂ ಹೀಗೆ.

ನಿನ್ನ ಹೃದಯವನ್ನು ಬಹು ಜಾಗರೂಕತೆಯಿಂದ ಕಾಪಾಡಿಕೋ, ಜೀವಧಾರೆಗಳು ಹೊರಡುವುದು ಅಲ್ಲಿಂದಲೇ ಅಂತ ಜ್ಞಾನೋಕ್ತಿ 4:23ರಲ್ಲಿ ಓದುತ್ತೇವೆ. ಕಾಪಾಡಬೇಕು, ಗೊತ್ತಿದೆ. ಒಲೆ ಮುಂದೆ ನಿಂತವಳು ಹೇಗೆ ಕಾಪಾಡಬೇಕು? ಹಿಟ್ಟು ಹತ್ತಿದ ಕೈಯಲ್ಲಿ ಬೈಬಲ್ ಹಿಡಿಯಲು ಆಗುವುದಿಲ್ಲ. ನೀವು ಮಾಡುತ್ತಿರುವುದನ್ನು ಹೇಳಿ. ಕಡಿಮೆ ಖರ್ಚಿನ ಅಡುಗೆ ಗೊತ್ತಿದ್ದರೆ ಅದನ್ನೂ ಹೇಳಿ. ಡಬ್ಬಿ ಖಾಲಿಯಾದ ದಿನವೇ ಮನಸ್ಸು ಜಾಸ್ತಿ ಹಾರಾಡುವುದರಿಂದ ಎರಡನ್ನೂ ಒಟ್ಟಿಗೆ ಕೇಳುತ್ತಿದ್ದೇನೆ.

ಬೆಟಗೇರಿ ಅಮ್ಮ

ತಂಗೀ, ಮೊದಲು ಅಡುಗೆ ಹೇಳುತ್ತೇನೆ.

ತಿಂಗಳ ಕೊನೆಗೆ ಹುರಳಿಯನ್ನು ಮರೆಯಬೇಡ. ರಾತ್ರಿ ನೆನೆಹಾಕು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡು. ಮರುದಿನಕ್ಕೆ ಸಣ್ಣ ಮೊಳಕೆ ಬಂದಿರುತ್ತದೆ. ಜಾಸ್ತಿ ನೀರು ಹಾಕಿ ಕುದಿಸಿ ಕಟ್ಟು ಬಸಿದುಕೋ. ಆ ಕಟ್ಟಿಗೆ ಹುಣಸೆ ರಸ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಖಾರ ಹಾಕಿ ಒಗ್ಗರಣೆ ಕೊಟ್ಟರೆ ಅನ್ನಕ್ಕೆ ಸಾರು. ಉಳಿದ ಕಾಳಿಗೆ ಒಂದು ಉಳ್ಳಾಗಡ್ಡಿ ಹೆಚ್ಚಿ ಹಾಕಿದರೆ ರೊಟ್ಟಿಗೆ ಪಲ್ಯ. ಒಂದೇ ಪಾತ್ರೆ ಕುದಿಸಿ ಎರಡು ಅಡುಗೆ. ಹೀರೇಕಾಯಿ ತಂದ ದಿನ ಸಿಪ್ಪೆ ಚೆಲ್ಲಬೇಡ. ಎಣ್ಣೆಯಲ್ಲಿ ಬಾಡಿಸಿ ಹಸಿಮೆಣಸಿನಕಾಯಿ, ಹುಣಸೆ, ಸ್ವಲ್ಪ ಶೇಂಗಾ ಜೊತೆ ಅರೆದರೆ ಆ ಹೊತ್ತಿನ ಚಟ್ನಿ ಆಯಿತು. ಪುಂಡಿಸೊಪ್ಪು ಸಿಕ್ಕಿದರೆ ಬಿಡಬೇಡ. ಬೇಳೆ, ಒಂದು ಹಿಡಿ ಜೋಳದ ನುಚ್ಚು ಹಾಕಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಡು. ಮರುದಿನ ಇನ್ನೂ ರುಚಿ.

ಈಗ ನಿನ್ನ ಪ್ರಶ್ನೆ. ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ತೆಗೆದು ನೋಡು. ಎಂಟನೇ ವಚನ ನಮಗೆಲ್ಲ ಬಾಯಿಪಾಠ. ಸತ್ಯವಾದದ್ದು, ಮಾನ್ಯವಾದದ್ದು, ಶುದ್ಧವಾದದ್ದು ಯಾವುದೋ ಅದನ್ನೇ ಯೋಚಿಸಿರಿ ಎಂಬ ಮಾತು. ಅಲ್ಲಿಗೇ ನಿಲ್ಲಿಸಬೇಡ, ಮುಂದೆ ಓದು. ಹನ್ನೆರಡನೇ ವಚನಕ್ಕೆ ಬರುವಷ್ಟರಲ್ಲಿ ಪೌಲ ಊಟದ ಮಾತಿಗೆ ಬಂದಿದ್ದಾನೆ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಸಮೃದ್ಧಿಯಲ್ಲೂ ಕೊರತೆಯಲ್ಲೂ ಇರುವುದನ್ನು ಕಲಿತಿದ್ದೇನೆ ಅನ್ನುತ್ತಾನೆ. ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಏನು ಯೋಚಿಸಬೇಕು, ಹಸಿವಿನಲ್ಲಿ ಹೇಗಿರಬೇಕು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಹಾಗಾಗಿ ನೀನು ಎರಡನ್ನೂ ಕೂಡಿಸಿ ಕೇಳಿದ್ದು ಸರಿಯಾಗಿಯೇ ಇದೆ.

ಕಲಿತಿದ್ದೇನೆ ಎಂಬ ಮಾತು ಗಮನಿಸು. ಅವನಿಗೂ ಒಂದೇ ದಿನಕ್ಕೆ ಬಂದದ್ದಲ್ಲ.

ಧಾರವಾಡ ಹಾಸ್ಟೆಲ್

ಅಕ್ಕಾ, ನಾನು ರೂಮಿನಲ್ಲಿ ಅಡುಗೆ ಮಾಡುವಾಗ ಕಿವಿಗೆ ಇಯರ್‌ಫೋನ್ ಹಾಕಿ ಬೈಬಲ್ ಸಂದೇಶ ಅಥವಾ ಹಾಡು ಕೇಳುತ್ತೇನೆ. ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ಸುಲಭ ಉಪಾಯ, ಮಾಡಿ ನೋಡಿ. ಅಡುಗೆ ಅಂದರೆ ಮಂಡಕ್ಕಿ ಒಗ್ಗರಣೆ, ಮೊಟ್ಟೆ, ಅನ್ನ. ಅದಕ್ಕಿಂತ ಮುಂದೆ ಹೋಗಿಲ್ಲ.

ಹಾವೇರಿ ಟೀಚರ್

ತಮ್ಮಾ, ನಿನ್ನ ಉಪಾಯ ತಪ್ಪು ಅನ್ನುವುದಿಲ್ಲ. ನನಗೆ ಮಾತ್ರ ಅದು ಸಾಲುವುದಿಲ್ಲ.

ಮತ್ತಾಯ 12ರಲ್ಲಿ ಯೇಸುಸ್ವಾಮಿ ಹೇಳಿದ ಮಾತಿದೆ. ದುರಾತ್ಮ ಬಿಟ್ಟುಹೋದ ಮನೆ ಗುಡಿಸಿ ಅಲಂಕರಿಸಿ ಇತ್ತು, ಆದರೆ ಖಾಲಿ ಇತ್ತು. ಅದು ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ವಾಪಸ್ ಬಂತು. ಕೆಟ್ಟ ಯೋಚನೆಯನ್ನು ಓಡಿಸುವುದಷ್ಟೇ ಕೆಲಸ ಅಂದುಕೊಂಡವರಿಗೆ ಈ ಮಾತು. ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ, ಏನಾದರೂ ತುಂಬಲೇಬೇಕು. ಇಲ್ಲಿಯವರೆಗೆ ನೀನೂ ನಾನೂ ಒಂದೇ. ಆದರೆ ಯಾರದೋ ಧ್ವನಿಯಿಂದ ಕಿವಿ ತುಂಬಿದರೆ ನಮ್ಮ ಯೋಚನೆ ಹೋಗುವುದಿಲ್ಲ, ಹಿಂದೆ ಸರಿದು ಕಾಯುತ್ತಿರುತ್ತದೆ. ಇಯರ್‌ಫೋನ್ ತೆಗೆದ ಕೂಡಲೇ ಎದುರಿಗೆ ಬಂದು ನಿಲ್ಲುತ್ತದೆ. ನಾನು ಹಾಗೆ ಕಂಡಿದ್ದೇನೆ.

ನಾನು ಮಾಡುವುದು ಹೀಗೆ. ಒಂದೊಂದು ರೊಟ್ಟಿ ಒಬ್ಬೊಬ್ಬರ ಹೆಸರಿಗೆ. ಎಸರಿಗೆ ಹಿಟ್ಟು ಹಾಕಿ ನಾದಿದ ಮೇಲೆ ಉಂಡೆ ಮಾಡುತ್ತೇನಲ್ಲ, ಆಗಲೇ ಹೆಸರು. ಮೊದಲನೆಯದು ಯಜಮಾನರದು. ಅದನ್ನು ತಟ್ಟುವಾಗ ಅವರ ಕೆಲಸ, ಅವರ ಬಿಪಿ, ಅವರ ಸಿಟ್ಟು ಎಲ್ಲವನ್ನೂ ದೇವರ ಮುಂದೆ ಇಡುತ್ತೇನೆ. ಹಂಚಿಗೆ ಹಾಕಿ ಮೇಲೆ ನೀರು ಸವರುವಾಗ ಆಮೆನ್. ಎರಡನೆಯದು ಮಗಳದು. ಆಮೇಲೆ ಅತ್ತೆಯವರದು. ಮನೆಯವರು ಮುಗಿದ ಮೇಲೂ ರೊಟ್ಟಿ ಉಳಿದಿರುತ್ತವಲ್ಲ, ಅವು ಹೊರಗಿನವರಿಗೆ. ನನ್ನ ಕ್ಲಾಸಿನಲ್ಲಿ ಊಟ ತರದೆ ಬರುವ ಹುಡುಗ. ಆಸ್ಪತ್ರೆಯಲ್ಲಿರುವ ನೆರೆಮನೆ ಅಜ್ಜ. ಒಂದು ರೊಟ್ಟಿ ಮಾತ್ರ ಯಾವತ್ತೂ ನನಗೆ ನೋವು ಮಾಡಿದವರ ಹೆಸರಿಗೆ. ಅದನ್ನು ತಟ್ಟುವುದು ಕಷ್ಟ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕೈ ಬಿರುಸಾದರೆ ಅಂಚು ಸೀಳುತ್ತದೆ. ಯಾವ ರೊಟ್ಟಿಯ ಅಂಚು ಸೀಳಿದೆ ನೋಡಿದರೆ ಯಾರ ಮೇಲೆ ಇನ್ನೂ ಸಿಟ್ಟಿದೆ ಅಂತ ನನಗೇ ಗೊತ್ತಾಗುತ್ತದೆ.

ನಿಮ್ಮ ನಾದಿನಿಯವರ ಹೆಸರಿಗೆ ಒಂದು ರೊಟ್ಟಿ ಬಡಿಯಿರಿ ಅಕ್ಕಾ. ಫ್ರಿಜ್ ನೆನಪಾದಾಗ ಅದನ್ನು ತಳ್ಳಬೇಡಿ. ಅದರಲ್ಲಿ ಅವರ ಮನೆಯ ಅನ್ನ ಕೆಡದೆ ಇರಲಿ ಅಂತ ಬೇಡಿಕೊಳ್ಳಿ.

ಕೇಶ್ವಾಪುರದ ಗೃಹಿಣಿ

ಟೀಚರ್, ಓದಿ ಕಣ್ಣು ತುಂಬಿತು. ಇವತ್ತೇ ಶುರು ಮಾಡಿದೆ. ನಾದಿನಿ ರೊಟ್ಟಿ ಬರುವಷ್ಟರಲ್ಲಿ ಹಳೇ ಮಾತು ಮತ್ತೆ ನೆನಪಾಯಿತು. ಪ್ರಾರ್ಥನೆಯ ಮಧ್ಯದಲ್ಲಿಯೇ ಬಂತು. ಹಾಗೆ ಬಂದರೆ ಅದೂ ಪಾಪವೇ? ಬಲ್ಲವರು ಹೇಳಿ.

ಗದಗಿನ ಸಭಾಪಾಲಕ

ಅಮ್ಮಾ, ಬರುವುದು ಪಾಪವಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಯಾಕೆಂದರೆ ಎಷ್ಟೋ ಜನ ವಿಶ್ವಾಸಿಗಳು ಬಂದ ಯೋಚನೆಗೇ ಹೆದರಿ ಸೊರಗಿದ್ದಾರೆ.

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಸನ್ಯಾಸಿಗಳಿದ್ದರು. ಯೋಚನೆಗಳನ್ನು ಕಾಯುವುದೇ ಅವರ ದಿನದ ಕೆಲಸ. ಅವರಲ್ಲಿ ಇವಾಗ್ರಿಯಸ್ ಎಂಬವರು, 399ರಲ್ಲಿ ತೀರಿಕೊಂಡರು, ಮನುಷ್ಯನನ್ನು ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ್ದರು. ಅವು ನಮ್ಮನ್ನು ಕಾಡುವುದು ಬಿಡುವುದು ನಮ್ಮ ಕೈಯಲ್ಲಿಲ್ಲ, ಆದರೆ ಒಳಗೆ ತಂಗಲು ಬಿಡುವುದು ನಮ್ಮ ಕೈಯಲ್ಲಿದೆ ಎಂಬುದು ಅವರ ಅನುಭವ. ಇನ್ನೂ ಒಂದು ವಿಷಯ ನಿಮಗೆ ಹತ್ತಿರವಾದದ್ದು. ಎಂಟರಲ್ಲಿ ಮೊದಲನೆಯದು ಹೊಟ್ಟೆಯ ಯೋಚನೆ. ಹೊಟ್ಟೆಬಾಕತನ ಅಂದರೆ ನಾವು ಲಾಡು, ಬಿರಿಯಾನಿ ಅಂದುಕೊಳ್ಳುತ್ತೇವೆ. ಅವರು ಹೇಳುವುದು ಬೇರೆ. ಕಡಿಮೆ ತಿಂದು ಬದುಕುವ ಸನ್ಯಾಸಿಗೆ ಆ ಯೋಚನೆ ಬಂದು ನಿನ್ನ ಹೊಟ್ಟೆ ಕೆಡುತ್ತದೆ, ಪಿತ್ತಜನಕಾಂಗ ಕೆಡುತ್ತದೆ, ದೀರ್ಘ ಕಾಯಿಲೆ ಬೀಳುತ್ತೀಯ, ನೋಡಲು ವೈದ್ಯರೂ ಇಲ್ಲ ಅಂತ ಹೆದರಿಸುತ್ತದಂತೆ. ಸಾಲದೆ ಹೋದೀತು ಎಂಬ ಭಯವದು. ನಿಮ್ಮ ಗ್ಯಾಸ್ ಸಿಲಿಂಡರಿನ ಲೆಕ್ಕವೂ ಅದೇ ಜಾತಿಯದು.

ಯೇಸುಸ್ವಾಮಿಗೂ ಮೊದಲ ಶೋಧನೆ ರೊಟ್ಟಿಯ ವಿಷಯದಲ್ಲೇ ಬಂತಲ್ಲ. ನಲವತ್ತು ದಿನ ಉಪವಾಸವಿದ್ದವನಿಗೆ ಈ ಕಲ್ಲುಗಳು ರೊಟ್ಟಿಯಾಗಲಿ ಅನ್ನು ಎಂಬ ಸೈತಾನನ ಮಾತು. ಆತ ವಾದಕ್ಕೆ ಕೂರಲಿಲ್ಲ. ಮನುಷ್ಯ ರೊಟ್ಟಿ ತಿಂದ ಮಾತ್ರದಿಂದಲೇ ಬದುಕುವುದಿಲ್ಲ ಎಂಬ ಧರ್ಮೋಪದೇಶಕಾಂಡ 8:3ರ ಒಂದು ವಚನ ಹೇಳಿ ಮುಗಿಸಿದ. ನೀವೂ ಹಾಗೇ ಮಾಡಿ. ಹೆಚ್ಚಾಗಿ ಬರುವ ಯೋಚನೆ ಯಾವುದು ಅಂತ ಗುರುತಿಸಿ, ಅದಕ್ಕೆ ಒಂದೇ ಒಂದು ಸಣ್ಣ ವಚನ ಸಿದ್ಧ ಇಟ್ಟುಕೊಳ್ಳಿ. ನಾಳೆಯ ಚಿಂತೆಗೆ ಮತ್ತಾಯ 6:34, ನಾಳೆಗಾಗಿ ಚಿಂತಿಸಬೇಡಿರಿ ಎಂಬ ಮಾತು. ಹೊಟ್ಟೆಕಿಚ್ಚಿಗೆ ಜ್ಞಾನೋಕ್ತಿ 15:17. ದ್ವೇಷವಿರುವ ಮನೆಯ ಕೊಬ್ಬಿದ ದನದ ಊಟಕ್ಕಿಂತ ಪ್ರೀತಿ ಇರುವಲ್ಲಿ ಸೊಪ್ಪಿನ ಊಟ ಲೇಸು ಎಂಬ ಮಾತದು. ಸೊಪ್ಪು ಸೋಸುವಾಗ ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ವಚನ ಕಾಣೆ. ಯೋಚನೆ ಬಂದ ಕೂಡಲೇ ಗಟ್ಟಿಯಾಗಿ ಹೇಳಿ. ಮತ್ತೆ ಬಂದರೆ ಮತ್ತೆ ಹೇಳಿ.

ನವಲಗುಂದ ಕಡೆಯ ರೈತ

ಪಾಸ್ಟರ್ ಅವರೇ, ನಂದೂ ಒಂದು ಪ್ರಶ್ನೆ. ಹಿಂಗಾರಿ ಬಿಳಿಜೋಳ ಬಂದ ಮೇಲೆ ಮನೆಗೆ ವರ್ಷಕ್ಕೆ ಆಗುವಷ್ಟು ಇಟ್ಟುಕೊಳ್ಳುತ್ತೇವೆ. ಚೆನ್ನಾಗಿ ಒಣಗಿಸಿ, ಒಣ ಬೇವಿನ ಎಲೆ ಹಾಕಿ ಚೀಲ ಕಟ್ಟುತ್ತೇವೆ. ಬ್ಯಾಡಗಿ ಮೆಣಸಿನಕಾಯಿಯೂ ಸುಗ್ಗಿಯಲ್ಲೇ ತಂದು ಒಣಗಿಸಿ ಪುಡಿ ಮಾಡಿಸುತ್ತೇವೆ. ಮೊನ್ನೆ ಒಬ್ಬರು ಇದು ನಂಬಿಕೆಯ ಕೊರತೆ ಅಂದರು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನಕ್ಕೆ ಕೊಟ್ಟ ಆಹಾರ ಮನ್ನ, ಅದನ್ನು ಮರುದಿನಕ್ಕೆ ಇಟ್ಟಾಗ ಹುಳು ಬಿತ್ತಲ್ಲ, ಅದನ್ನು ತೋರಿಸಿದರು. ಏನು ಹೇಳಬೇಕೋ ತಿಳಿಯಲಿಲ್ಲ.

ಗದಗಿನ ಸಭಾಪಾಲಕ

ಅಣ್ಣಾ, ಅದೇ ಕಥೆಯಲ್ಲಿ ಸಬ್ಬತ್ತಿಗಾಗಿ, ಅಂದರೆ ವಾರದ ವಿಶ್ರಾಂತಿಯ ದಿನಕ್ಕಾಗಿ, ಹಿಂದಿನ ದಿನ ಇಟ್ಟ ಮನ್ನಕ್ಕೆ ಹುಳು ಬೀಳಲಿಲ್ಲ. ಇಡು ಅಂದವನೂ ದೇವರೇ. ಯೋಸೇಫ ಏಳು ವರ್ಷ ಧಾನ್ಯ ಕೂಡಿಟ್ಟು ಐಗುಪ್ತವನ್ನೂ (ಈಜಿಪ್ಟ್) ತನ್ನ ಅಣ್ಣತಮ್ಮಂದಿರನ್ನೂ ಉಳಿಸಿದ. ಲೂಕ 12ರ ಐಶ್ವರ್ಯವಂತನೂ ಕೂಡಿಟ್ಟ. ಅವನು ಮಾತಾಡಿದ್ದು ಯಾರ ಜೊತೆ ನೋಡಿ. ತನ್ನ ಜೊತೆ ಮಾತ್ರ. ನನ್ನ ಬೆಳೆ, ನನ್ನ ಕಣಜ, ನನ್ನ ಜೀವವೇ ವಿಶ್ರಮಿಸಿಕೋ ಅಂದ. ದೇವರ ಹೆಸರಿಲ್ಲ, ನೆರೆಯವನ ಹೆಸರಿಲ್ಲ. ಚೀಲ ಕಟ್ಟುವಾಗ ಯಾರನ್ನು ನೆನೆಯುತ್ತೀರಿ ಎಂಬುದೇ ವ್ಯತ್ಯಾಸ. ನೀವು ಜೋಳ ಕಟ್ಟಿ ಇಡಿ.

ಬೆಟಗೇರಿ ಕಾಕಾ

ಮೇಲೆ ಅಮ್ಮ ಹೇಳಿದ ಅಡುಗೆ ನಮ್ಮ ಮನೆಯದೇ. ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು.

ಮಿತವ್ಯಯ ಒಳ್ಳೆಯದು. ಆದರೆ ಅದು ಯಾವಾಗ ಕೈಬಿಗಿಯಾಗಿ ತಿರುಗುತ್ತದೋ ಗೊತ್ತೇ ಆಗುವುದಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, ಆಮೇಲೆ ಬೆಟಗೇರಿಗೆ ಬಂತು. ಆಗ ಗದಗ, ಹಾವೇರಿ ಎಲ್ಲ ಧಾರವಾಡ ಜಿಲ್ಲೆಯೇ, 1997ರವರೆಗೂ. 1876-78ರ ದೊಡ್ಡ ಬರ ಈ ಜಿಲ್ಲೆಯನ್ನೂ ಬಿಡಲಿಲ್ಲ. ಅಂಥ ಬರ ಕಂಡ ಮನೆತನಗಳಲ್ಲಿ ಒಂದು ಕಾಳನ್ನೂ ಚೆಲ್ಲದ ರೂಢಿ ಬಂತು. ಅದು ಆಸ್ತಿ. ಜೊತೆಗೆ ಹೆದರಿಕೆಯೂ ಬಂತು. ನಾಳೆ ಇರುತ್ತದೋ ಇಲ್ಲವೋ ಅಂತ ಬಂದವರಿಗೆ ಊಟಕ್ಕೆ ಏಳಿ ಅನ್ನಲು ಹಿಂದೇಟು. ಬಾಗಿಲಲ್ಲಿ ಯಾರೋ ಬಂದ ಸದ್ದಾದರೆ ತಲೆಯೊಳಗೆ ರೊಟ್ಟಿ ಎಣಿಸುವುದು. ಕಾಯಬೇಕಾದ ಯೋಚನೆ ಇದೇ. ಯಾಕೆಂದರೆ ಇದು ಬುದ್ಧಿವಂತಿಕೆಯ ವೇಷ ಹಾಕಿ ಬರುತ್ತದೆ.

ಐದು ರೊಟ್ಟಿ ಎರಡು ಮೀನು ಐದು ಸಾವಿರ ಗಂಡಸರಿಗೆ ಸಾಕಾದ ಕಥೆ ನಾಲ್ಕು ಸುವಾರ್ತೆಗಳಲ್ಲೂ ಇದೆ. ಆ ರೊಟ್ಟಿ ಜವೆಗೋಧಿಯದು ಅಂತ ಹೇಳುವವನು ಯೋಹಾನ. ಅಲ್ಲಿನ ಬಡವರ ಧಾನ್ಯ ಅದು. ತುಂಡುಗಳನ್ನು ಕೂಡಿಸಿರಿ, ಏನೂ ಹಾಳಾಗಬಾರದು ಎಂಬ ಯೇಸುವಿನ ಮಾತನ್ನು ಬರೆದವನೂ ಅವನೇ. ಹನ್ನೆರಡು ಪುಟ್ಟಿ ತುಂಬಿದವು. ಮೊದಲು ಹಂಚಿಕೆ, ಆಮೇಲೆ ಉಳಿತಾಯ. ನಾವು ಈ ಸಾಲನ್ನು ತಿರುಗುಮುರುಗು ಮಾಡಿಬಿಟ್ಟಿದ್ದೇವೆ.

ಮಿಜೋರಾಮ್‌ನ ಪ್ರೆಸ್ಬಿಟೇರಿಯನ್ ಸಭೆಯ ಹೆಣ್ಣುಮಕ್ಕಳು 1910ರಿಂದ ಒಂದು ರೂಢಿ ಇಟ್ಟುಕೊಂಡಿದ್ದಾರೆ. ಅಡುಗೆಗೆ ಅಕ್ಕಿ ತೆಗೆದಾಗಲೆಲ್ಲ ಒಂದು ಹಿಡಿ ಬೇರೆ ಡಬ್ಬಿಗೆ. ಅದನ್ನೆಲ್ಲ ಸಭೆಗೆ ಕೂಡಿಸಿ ದೇವರ ಕೆಲಸಕ್ಕೆ ಕೊಡುತ್ತಾರೆ. ಇವತ್ತಿಗೂ ನಡೆದಿದೆ. ಶ್ರೀಮಂತರು ಶುರು ಮಾಡಿದ್ದಲ್ಲ. ನಾವು ಮನೆಯಲ್ಲಿ ಜೋಳದಿಂದ ಹೀಗೆ ಮಾಡುತ್ತೇವೆ. ಗಿರಣಿಗೆ ಒಯ್ಯುವ ಮೊದಲು ಹಿಡಿ ಲೆಕ್ಕದಲ್ಲಿ ತೆಗೆದಿಡುತ್ತೇವೆ. ಹಿಡಿ ತೆಗೆಯುವಾಗ ಒಬ್ಬರನ್ನು ನೆನೆಯುತ್ತೇವೆ. ಹಾಗೆ ಮಾಡಿದ ದಿನ ಸಾಲುವುದಿಲ್ಲ ಎಂಬ ಯೋಚನೆಗೆ ಬಲ ಕಡಿಮೆ. ಕೈ ಆಗಲೇ ಕೊಟ್ಟಾಗಿದೆ, ಇನ್ನು ತಲೆ ಏನು ವಾದ ಮಾಡೀತು?

ಕೇಶ್ವಾಪುರದ ಗೃಹಿಣಿ

ಕಾಕಾ, ಈಗ ನಮ್ಮಲ್ಲಿ ಜೋಳವೇ ತುಟ್ಟಿ. ರೇಷನ್ ಅಕ್ಕಿ ಸಿಗುತ್ತದೆ. ಅಕ್ಕಿಯದೇ ಹಿಡಿ ತೆಗೆದರೆ ನಡೆಯುತ್ತದೆಯೇ?

ಬೆಟಗೇರಿ ಕಾಕಾ

ತಾಯೀ, ಚಾರೆಪ್ತಾದ ವಿಧವೆಯ ಹತ್ತಿರ ಇದ್ದದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಪ್ರವಾದಿ ಎಲೀಯ ಅದರಲ್ಲೇ ತನಗೊಂದು ರೊಟ್ಟಿ ಕೇಳಿದ. ಮನೆಯಲ್ಲಿ ಇದ್ದದ್ದರಲ್ಲಿ ತೆಗೆಯಿರಿ.

ಧಾರವಾಡದ ನರ್ಸ್

ಎಲ್ಲರ ಮಾತೂ ಚೆನ್ನಾಗಿದೆ. ನನ್ನದೊಂದು ಸೇರಿಸುತ್ತೇನೆ, ದಯವಿಟ್ಟು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಬಂದು ಹೋಗುವ ಯೋಚನೆ ಬೇರೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಅಳು ನಿಲ್ಲುವುದಿಲ್ಲ, ಬೇಡದ ಯೋಚನೆ ಬಿಡದೆ ಸುತ್ತುತ್ತದೆ, ಸಾಯಬೇಕು ಅನಿಸುತ್ತದೆ ಅಂದರೆ ಅದು ಬೇರೆ. ಅದನ್ನು ನಂಬಿಕೆ ಕಡಿಮೆಯಾಗಿದೆ ಅಂತ ಅಳೆಯಬೇಡಿ. ಎಲೀಯನೂ ಜಾಲಿ ಗಿಡದ ಕೆಳಗೆ ಕೂತು ಸಾಕು, ನನ್ನ ಪ್ರಾಣ ತೆಗೆದುಬಿಡು ಅಂದ. ದೂತನು ಅವನನ್ನು ಬೈಯಲಿಲ್ಲ. ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿಸಿ ಮತ್ತೆ ಕೊಟ್ಟ. ಮೊದಲು ಊಟ, ನಿದ್ದೆ. ಮಾತು ಆಮೇಲೆ.

ನಮ್ಮ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಫೋನಿನಲ್ಲಿ ಮಾತಾಡಬೇಕಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಪ್ರಾರ್ಥನೆಯೂ ಇರಲಿ, ಡಾಕ್ಟರೂ ಇರಲಿ. ಒಂದು ಇದ್ದರೆ ಇನ್ನೊಂದು ಬೇಡ ಅನ್ನುವ ಮಾತು ನಮ್ಮ ಸಭೆಗಳಿಂದ ಹೋಗಬೇಕು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಹಾವೇರಿ ಟೀಚರ್

ನರ್ಸ್ ಅಕ್ಕನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ಇನ್ನೊಂದು. ಖಾರದಲ್ಲಿ ಉಳಿಸುವವರಿಗೆ. ಬ್ಯಾಡಗಿ ನಮ್ಮ ಜಿಲ್ಲೆಯದು, 2011ರಲ್ಲಿ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿತು. ಅದರ ಬಣ್ಣ ಜಾಸ್ತಿ, ಖಾರ ಕಡಿಮೆ. ಪೂರಾ ಬ್ಯಾಡಗಿಯನ್ನೇ ಕೊಳ್ಳಬೇಕಿಲ್ಲ. ಖಾರದ ಬೇರೆ ಮೆಣಸಿನಕಾಯಿ ಸ್ವಲ್ಪ ಬೆರೆಸಿ ಗಿರಣಿಯಲ್ಲಿ ಪುಡಿ ಮಾಡಿಸಿದರೆ ಕಡಿಮೆ ಪುಡಿಯಲ್ಲೇ ಕೆಲಸ ಆಗುತ್ತದೆ.

ಧಾರವಾಡ ಹಾಸ್ಟೆಲ್

ಟೀಚರ್, ನಿನ್ನೆ ಇಯರ್‌ಫೋನ್ ಇಲ್ಲದೆ ಅಡುಗೆ ಮಾಡಿದೆ. ಅಪ್ಪನ ಯೋಚನೆ ಬಂತು. ತುಂಬಾ ದಿನದಿಂದ ಮಾತಾಡಿರಲಿಲ್ಲ. ಅನ್ನ ಇಳಿಸಿ ಫೋನ್ ಮಾಡಿದೆ. ನನಗೆ ರೊಟ್ಟಿ ಬರುವುದಿಲ್ಲ. ಜೋಳದ್ದೇ ಆದರೂ ಸುಲಭವಾದ ಅಡುಗೆ ಯಾರಾದರೂ ಹೇಳುತ್ತೀರಾ?

ಬೆಟಗೇರಿ ಅಮ್ಮ

ಅಪ್ಪನಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು ಮಗಾ. ನುಚ್ಚು ಮಾಡು. ಅಂಗಡಿಯಲ್ಲಿ ಜೋಳದ ನುಚ್ಚು ಅಂತ ಕೇಳು, ಕೊಡುತ್ತಾರೆ. ಒಂದು ಲೋಟ ನುಚ್ಚು ತೊಳೆದು ಅರ್ಧ ಗಂಟೆ ನೆನೆಯಲು ಬಿಡು. ನಾಲ್ಕು ಲೋಟ ನೀರು ಕುದಿಸಿ, ಉಪ್ಪು ಹಾಕಿ, ನುಚ್ಚು ಬಿಟ್ಟು ಕೈಯಾಡಿಸುತ್ತಾ ಇರು. ಉರಿ ಸಣ್ಣ ಇರಲಿ, ತಳ ಹಿಡಿಯುತ್ತದೆ. ಮೆತ್ತಗಾದ ಮೇಲೆ ಇಳಿಸು. ತಣ್ಣಗಾದಾಗ ಮಜ್ಜಿಗೆ ಹಾಕಿ ಕಲಸು. ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ ಕೊಡು. ರಾತ್ರಿ ಉಳಿದರೆ ಬೆಳಿಗ್ಗೆ ಅದೇ ನಾಷ್ಟಾ. ರೂಮಿನಲ್ಲಿ ಇನ್ನೊಬ್ಬ ಹುಡುಗ ಇದ್ದರೆ ಒಂದೂವರೆ ಲೋಟ ಹಾಕು.